ಅಪ್ಪ ತಲೆಯೆತ್ತಿ ನೋಡಲಿಲ್ಲ

“ಅಪ್ಪಾ! ಬಾಗ್ಲು ತೆಗಿ! ಅಪ್ಪಾ...!”

ಸತ್ಯಮಂಗಲದ ಆ ಸಣ್ಣ ಕಾರ್ಖಾನೆಯ ಸ್ಟೋರ್ ರೂಮಿನಿಂದ ಬಂದ ಕೂಗಿಗೆ ಮೆಷಿನ್ ಮುಂದಿದ್ದವರೆಲ್ಲ ಬೆಚ್ಚಿದರು. ಆಗಷ್ಟೇ ಶಟರ್ ಎಳೆದು ಹೊರಟಿದ್ದ ಫಿಟ್ಟರ್ ಪ್ರಭುದೇವ ಓಡಿಬಂದು ಅದನ್ನು ಮೇಲೆತ್ತಿದ. ಒಳಗಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ದೀಪಿಕಾ. ಮುಖ ಬಿಳಿಚಿಕೊಂಡಿತ್ತು. ಉಗುರಿನ ತುದಿಯಲ್ಲಿ ರಕ್ತ.

ಛಟೀರ್! ಅವನ ಕೆನ್ನೆಗೆ ಏಟು ಬಿತ್ತು.

“ಒಳಗಿದೀರಾ ಅಂತ ಗೊತ್ತಿರ್ಲಿಲ್ಲ ಮೇಡಂ,” ಎಂದ ಅವನು, ಕೆನ್ನೆಯನ್ನೂ ಮುಟ್ಟಿಕೊಳ್ಳದೆ. “ಮೊದ್ಲು ನೀರ್ ಕುಡೀರಿ.”

ಪ್ಯಾಕಿಂಗ್ ಮಾಡುವ ಹನುಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. “ಏನ್ಲಾ ಪ್ರಭು, ತಾಳಿ ಕಟ್ಟೋಕ್ ಮುಂಚೇನೇ ಶುರುವಾಯ್ತಲ್ಲೋ!”

ಅವಳ ನಾಲಿಗೆಯ ಮೇಲೆ ಮಚ್ಚೆಯಿತ್ತೋ ಏನೋ, ವರ್ಷ ತುಂಬುವುದರೊಳಗೆ ಆ ಮಾತು ನಿಜವಾಗುವ ಹಾಗಿತ್ತು. ಅಂದಿನಿಂದ ಪ್ರಭುದೇವ ದೀಪಿಕಾ ಇರುವ ಕಡೆ ಕೇಳದೆ ಒಂದು ಬಾಗಿಲನ್ನೂ ಮುಚ್ಚಲಿಲ್ಲ. ಯಾಕೆ ಹಾಗೆ ಕಿರುಚಿದೆ ಎಂದೂ ಕೇಳಲಿಲ್ಲ. ಆ ಕೇಳದಿರುವಿಕೆಗೇ ಅವಳು ಸೋತಳು.

ಕೇಳಿದ್ದರೂ ಅವಳ ಬಳಿ ಉತ್ತರವಿರಲಿಲ್ಲ. ಅಪ್ಪ ಮಹಾಲಿಂಗಯ್ಯ ತೀರಿಹೋದಾಗ ಅವಳಿಗೆ ಎಂಟು ವರ್ಷ. ಆ ದಿನದ ನೆನಪನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಂತಿತ್ತು.

ಗುಬ್ಬಿಯಲ್ಲಿದ್ದ ಪ್ರಭುದೇವನ ತಂದೆ ರೇವಣಸಿದ್ದಯ್ಯನವರಿಗೆ ಅವಳೆಂದರೆ ಅಕ್ಕರೆ. “ಬೇಗ ಬಂದ್ಬುಡಮ್ಮ. ಇವನ್ ಮಾಡೋ ಸಾರು ಶಿವನಿಗೂ ಬ್ಯಾಡ,” ಎನ್ನುತ್ತಿದ್ದರು.

ಇಬ್ಬರ ಲಗ್ನಕ್ಕೆ ತಿಂಗಳಿರುವಾಗ ಅವರು ತೀರಿಕೊಂಡರು.

ಹಾರ ಹಿಡಿದು ಹಜಾರಕ್ಕೆ ಕಾಲಿಟ್ಟ ದೀಪಿಕಾ ಅಲ್ಲೇ ಕಲ್ಲಾದಳು. ಲಿಂಗವಂತರ ಮನೆಯಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುತ್ತಾರೆ. ವಿಭೂತಿ ಹಚ್ಚಿ, ಪೇಟ ಸುತ್ತಿ, ರೇವಣಸಿದ್ದಯ್ಯನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಭಜನೆ, ತಾಳ...

‘ಅಪ್ಪ!... ಅಪ್ಪನೂ ಹೀಗೇ ಕೂತಿದ್ದರಲ್ಲ!’

ಹಾರ ಕೈಜಾರಿತು. ಅವಳು ಅದನ್ನು ತುಳಿದುಕೊಂಡೇ ಹೊರಗೋಡಿದಳು. ನೆಂಟರಿಷ್ಟರೆಲ್ಲ ನೋಡಿದರು. ಪ್ರಭುದೇವನೂ ನೋಡಿದ.

ಮರುದಿನ ಅವನ ಮೆಸೇಜ್ ಬಂತು. “ನಮ್ಮಪ್ಪಂಗೆ ಹಾಕೋ ಹೂವು ತುಳ್ಕೊಂಡ್ ಹೋದೆ. ಇಲ್ಲಿಗೆ ಮುಗೀತು.”

ಅವಳು ಅಂದೇ ಬಸ್ಸು ಹತ್ತಿ ಅಮೃತೂರಿಗೆ, ತಾಯಿ ಶಕುಂತಲಮ್ಮನ ಮುಂದೆ ಹೋಗಿ ನಿಂತಳು.

“ಅಮ್ಮ, ಅಪ್ಪ ಹೋದ್ ದಿನ ನನ್ನ ಎಲ್ಲಿಟ್ಟಿದ್ದೆ?”

ಶಕುಂತಲಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ಅಟ್ಟದಲ್ಲಿ... ಮಗು ಹೆದ್ರುತ್ತೆ ಅಂತ ಚಿಲಕ ಹಾಕ್ದೆ. ಆಮೇಲೆ...”

“ಆಮೇಲೆ?”

“ಮರ್ತೋಯ್ತು ಕಣೇ. ಸಂಜೆ ದೀಪ ಹಚ್ಚುವಾಗ ನೆನಪಾಯ್ತು. ಗಂಡ ಹೋದ ಸಂಕಟದಲ್ಲಿ ಮಗಳು ಮರ್ತೋದ್ಳು.”

ದೀಪಿಕಾ ನಕ್ಕಳು. ಕಹಿ ನಗು ಅದು. “ಈಗೆಲ್ಲ ನೆನಪಾಯ್ತು ಅಮ್ಮ. ಅಟ್ಟದ ಬಿದಿರ ದಬ್ಬೆ ಸಂದಿನಿಂದ ಕೆಳಗೆ ನೋಡ್ದೆ. ಅಪ್ಪ ಪೇಟ ಕಟ್ಕೊಂಡು ಕೂತಿದ್ರು. ಬಾಗ್ಲು ತೆಗಿ ಅಂತ ಎಷ್ಟ್ ಕೂಗ್ದೆ! ತಲೆ ಎತ್ತಲಿಲ್ಲ. ಬದುಕಿದ್ದೂ ನನ್ನ ಬಿಟ್ಟು ಎದ್ದೋದ್ರು ಅಂದ್ಕೊಂಡೆ.”

“ಅಯ್ಯೋ ಶಿವನೇ... ಭಜನೆ ಸದ್ದಲ್ಲಿ ನಮಗ್ಯಾರ್ಗೂ ಕೇಳಲಿಲ್ಲ ಮಗಾ!”

“ಹತ್ತೊಂಬತ್ತು ವರ್ಷದಲ್ಲಿ ತಪ್ಪಾಯ್ತು ಅಂತ ಒಂದ್ ಮಾತು ನಿನ್ ಬಾಯಲ್ಲಿ ಬರ್ಲಿಲ್ವಾ?”

“ಹೇಳಿದ್ರೆ ನಿಂಗೆ ನೆನಪಾಗುತ್ತೆ ಅಂತ ಹೆದರ್ಕೊಂಡೆ.”

ಮರೆವು ಔಷಧವೆಂದು ಹೆತ್ತವಳು ನಂಬಿದ್ದಳು. ಅದು ಗಾಯದ ಮೇಲಿನ ಹಕ್ಕಳೆ ಮಾತ್ರ. ಒಳಗೆ ಕೀವು ತುಂಬುತ್ತಲೇ ಇತ್ತು.

ಆ ರಾತ್ರಿ ದೀಪಿಕಾ ಉಣ್ಣಲಿಲ್ಲ. ಶಕುಂತಲಮ್ಮ ಮಾತ್ರ ಹಿತ್ತಲಲ್ಲಿ ನಿಂತು ಪ್ರಭುದೇವನ ನಂಬರ್ ಒತ್ತಿದಳು. “ಹುಡುಗಿ ತಪ್ಪಲ್ಲಪ್ಪ. ತಪ್ಪು ನಂದು,” ಎಂದು ಎಲ್ಲವನ್ನೂ ಹೇಳಿದಳು.

ಬೆಳಗ್ಗೆ ಅವನು ಬಂದ. ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು.

“ಒಂದ್ ಮಾತು ಹೇಳ್ಬಾರ್ದಿತ್ತಾ ದೀಪಿಕಾ?”

“ನಂಗೇ ಗೊತ್ತಿರ್ಲಿಲ್ಲ ಪ್ರಭು. ನೀವು ಕೇಳ್ಬಾರ್ದಿತ್ತಾ? ಮುಗೀತು ಅಂತ ಬರೆಯೋಕ್ ಮುಂಚೆ?”

ಅವನು ತಲೆ ತಗ್ಗಿಸಿದ. “ಆ ಜಾಗ ತೋರಿಸ್ತೀಯಾ?” ಎಂದ.

ಇಬ್ಬರೂ ಏಣಿ ಹತ್ತಿದರು. ಅಟ್ಟದ ತುಂಬ ಕೊಬ್ಬರಿಗೆಂದು ಹರಡಿದ ಕಾಯಿ. ಕಾಲು ತಗುಲಿದರೆ ಒಣಗಿದ ಗಿಟುಕು ಚಿಪ್ಪಿನೊಳಗೆ ಲೊಟಲೊಟ ಅನ್ನುತ್ತಿತ್ತು. ಅವಳು ಹಿಂದಿರುಗಿ ಏಣಿಯತ್ತ ನೋಡಿದಳು. ‘ಓಡಿಬಿಡಲೇ?’ ಓಡಲಿಲ್ಲ. ಬಗ್ಗಿ ಸಂದನ್ನು ತೋರಿಸಿದಳು.

ಪ್ರಭುದೇವ ಕಾಯಿಗಳನ್ನು ಸರಿಸಿ ಬೋರಲು ಮಲಗಿ, ಆ ಸಂದಿಗೆ ಕಣ್ಣಿಟ್ಟ. ಕೆಳಗೆ, ಮಹಾಲಿಂಗಯ್ಯನವರನ್ನು ಕೂರಿಸಿದ್ದ ಗೋಡೆಯ ಬುಡದಲ್ಲಿ, ಈಗ ಶಕುಂತಲಮ್ಮ ಕುಸಿದು ಕೂತಿದ್ದಳು.

“ದೀಪಿಕಾ, ಇಲ್ಲಿಂದ ಬರೀ ನೆತ್ತಿ ಕಾಣುತ್ತೆ. ಮುಖ ಕಾಣಲ್ಲ.”

“ಹೂಂ. ಪೇಟ ಅಷ್ಟೇ ಕಂಡಿದ್ದು.”

“ಹಂಗಾದ್ರೆ ನೀನು ಅವ್ರ ಕಣ್ಣು ನೋಡ್ಲೇ ಇಲ್ಲ.” ಅವನು ಎದ್ದು ಕೂತ. “ಮುಚ್ಚಿದ್ವು ಕಣೇ. ನಮ್ಮಪ್ಪನ ಕಣ್ಣು ನಾನೇ ಈ ಕೈಲಿ ಮುಚ್ಚಿದೆ... ಹೋದವ್ರಿಗೆ ಯಾರ್ ಕರೆದ್ರೂ ಕೇಳಲ್ಲ. ನಾನು ಕರೆದು ನೋಡಿದೀನಿ.”

ಹತ್ತೊಂಬತ್ತು ವರ್ಷಗಳ ಮೇಲೆ, ಆ ಕ್ಷಣದಲ್ಲಿ, ದೀಪಿಕಾಳ ಅಪ್ಪ ಸತ್ತರು.

ಕಾಯಿಗಳ ನಡುವೆಯೇ ಕುಸಿದು ಅವಳು ಎಂಟು ವರ್ಷದ ಹುಡುಗಿಯ ಹಾಗೆ ಅತ್ತಳು. ಅವನು ಪಕ್ಕದಲ್ಲಿ ಕೂತು ತಾನೂ ಅತ್ತ.

“ನಿಮ್ಮಪ್ಪಂಗೆ ಒಂದ್ ಹೂವೂ ಹಾಕ್ಲಿಲ್ಲ ನಾನು...”

“ನಾಳೆ ಗುಬ್ಬಿಗೆ ಹೋಗೋಣ. ಸಮಾಧಿಗೆ ಹಾಕು. ನನ್ ಜೊತೆ ಬರ್ತೀಯಲ್ಲಾ?... ಯಾವಾಗ್ಲೂ?”

“ಬರ್ತೀನಿ. ಆದ್ರೆ ಇನ್ಮೇಲೆ ಕೇಳಿ. ಕೇಳ್ದೆ ನಿರ್ಧಾರ ಮಾಡ್ಬೇಡಿ.”

“ಕೇಳ್ತೀನಿ.”

ಕೆಳಗೆ ಶಕುಂತಲಮ್ಮ ಎದ್ದು, ಎರಡು ಲೋಟ ಕಾಫಿ ಹಿಡಿದು ಏಣಿಯ ಬುಡಕ್ಕೆ ಬಂದಿದ್ದಳು. ದೀಪಿಕಾ ಮೇಲಿನಿಂದಲೇ ಅವಳನ್ನು ನೋಡಿದಳು. ನೋಟ ತಪ್ಪಿಸಲಿಲ್ಲ, ನಗಲೂ ಇಲ್ಲ. ಅಷ್ಟು ಬೇಗ ಆಗುವುದಲ್ಲ ಅದು.

ಹೊರಬಂದ ಪ್ರಭುದೇವನ ಕೈ ಅಟ್ಟದ ಚಿಲಕದತ್ತ ಹೋಗಿ, ಅಲ್ಲೇ ನಿಂತಿತು.

“ಹಾಕ್ಲಾ?”

ಅವಳು ಕಣ್ಣೊರೆಸಿಕೊಂಡಳು.

“ಚಿಲಕ ಬೇಡ... ಬಾಗ್ಲು ಸುಮ್ನೆ ಮುಂದಕ್ ಹಾಕಿ. ಇವತ್ತಿಗೆ ಅಷ್ಟ್ ಸಾಕು.”