ವಾರಿಜಾಳ ಹೊಸ ಕ್ಯಾಲಿಪರ್

"ಅಲ್ಲೇ ನಿಲ್ಲು! ಹೊಸಿಲು ದಾಟಬೇಡ!"

ಅಡುಗೆಮನೆಯಿಂದ ಅಜ್ಜಿಯ ಕೂಗು ಕೇಳಿದ್ದೇ ವಾರಿಜಾ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು.

"ಅಜ್ಜೀ, ಬೂಟು ಹೊರಗೇ ಬಿಟ್ಟಿದ್ದೇನೆ. ಪ್ರಾಮಿಸ್! ನೋಡಿ ಬೇಕಾದ್ರೆ."

"ಮತ್ತೆ ಆ ಬಿಳೀದು ಎಂತದ್ದು?"

"ಇದು ಬೂಟಲ್ಲ, ನನ್ನ ಹೊಸ ಕ್ಯಾಲಿಪರ್. ಪ್ಲಾಸ್ಟಿಕ್!"

"ಬೂಟಿನ ಒಳಗೆ ಹೋಗಿ ಬಂದದ್ದಲ್ವಾ? ಹಾಗಾದ್ರೆ ಅದೂ ಬೂಟೇ," ಎಂದರು ವೇದಾವತಿ ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು. ಅಜ್ಜಿ ಉಡುಪಿ ಬಿಟ್ಟು ಡೊಂಬಿವಲಿಗೆ ಬಂದು ಎಷ್ಟೋ ವರ್ಷವಾಗಿತ್ತು. ಮಡಿಯನ್ನು ಮಾತ್ರ ಚೂರೂ ಬಿಡದೆ ಗಂಟು ಕಟ್ಟಿ ತಂದಿದ್ದರು.

ವಾರಿಜಾಳ ಮುಖ ಸಪ್ಪಗಾಯಿತು. ಚಿಕ್ಕವಳಿದ್ದಾಗ ಪೋಲಿಯೋ ಬಂದು ಅವಳ ಎಡಗಾಲಿನ ಶಕ್ತಿ ಹೋಗಿತ್ತು. ಇಷ್ಟು ದಿನ ಕಾಲಿಗೆ ಆಧಾರವಾಗಿ ಕಬ್ಬಿಣದ ಸರಳುಗಳ ಕ್ಯಾಲಿಪರ್ ಹಾಕುತ್ತಿದ್ದಳು. ಅದಕ್ಕೆ ದಪ್ಪ ಚರ್ಮದ ಬೂಟು ಸೇರಿಕೊಂಡೇ ಇತ್ತು. ಬೂಟು ಬಿಚ್ಚಿದರೆ ಕ್ಯಾಲಿಪರೂ ಹೋಯಿತು. ಆಮೇಲೆ ಅಡುಗೆಮನೆಗೆ ತೆವಳಿಕೊಂಡು ಹೋಗಬೇಕು, ಇಲ್ಲವೇ ಅಮ್ಮ ಎತ್ತಿಕೊಳ್ಳಬೇಕು. ಐದನೇ ಕ್ಲಾಸಿನ ಹುಡುಗಿಯನ್ನು ಯಾರಾದರೂ ಎತ್ತಿಕೊಳ್ಳುತ್ತಾರೆಯೇ? ನಾಚಿಕೆಗೇಡು!

ಅದಕ್ಕೇ ಪ್ರತಿ ಕೃಷ್ಣಾಷ್ಟಮಿಗೆ ಅಜ್ಜಿ ಉಂಡೆ ಕಟ್ಟುವಾಗ ಅವಳು ಹೊಸಿಲಿನಾಚೆಯೇ ಕೂತು ನೋಡುತ್ತಿದ್ದಳು. ಈ ಸಲ ತಾನೇ ನಡೆದು ಒಳಗೆ ಹೋಗಬೇಕು, ಅಜ್ಜಿಯ ಪಕ್ಕದಲ್ಲಿ ಕೂತು ಉಂಡೆ ಕಟ್ಟಬೇಕು ಎಂದು ಅವಳಿಗೆ ತುಂಬ ಆಸೆಯಿತ್ತು. ಅಷ್ಟಮಿ ಹತ್ತಿರ ಬಂದೇಬಿಟ್ಟಿತ್ತು.

ಹೊಸ ಕ್ಯಾಲಿಪರನ್ನು ಆ ದಿನವೇ ಠಾಣೆ ಊರಿನ ಆಸ್ಪತ್ರೆಯಲ್ಲಿ, ಅದನ್ನು ತಯಾರಿಸಿದ ರಮಾಕಾಂತ ಕಾಕಾ ತೊಡಿಸಿದ್ದರು. ಮೊದಲೇ ಅವಳ ಕಾಲಿನ ಅಚ್ಚು ತೆಗೆದು, ಅದರಿಂದ ಒಂದು ಪ್ಲಾಸ್ಟರಿನ ಕಾಲು ಮಾಡಿದ್ದರು. ಪ್ಲಾಸ್ಟಿಕ್ ಹಾಳೆಯನ್ನು ದೊಡ್ಡ ಓವನ್ನಿನಲ್ಲಿ ಕಾಯಿಸಿ, ಮೆತ್ತಗಾದಾಗ ಆ ಕಾಲಿನ ಮೇಲೆ ಹೊದಿಸಿದ್ದರು. ಆರಿದ ಮೇಲೆ ಅದು ಗಟ್ಟಿಯಾಯಿತು. ಹಗುರ ಎಂದರೆ ಹಗುರ! ಬೂಟು ಬಿಚ್ಚಿದರೂ ಅದು ಕಾಲಿನಲ್ಲೇ ಇರುತ್ತಿತ್ತು.

"ಇದೇನು ಮಹಾ," ಎಂದಿದ್ದರು ಕಾಕಾ ಮರಾಠಿಯಲ್ಲಿ. "ಈಗ ಕಣ್ಣಿನ ಒಳಗೇ ಪ್ಲಾಸ್ಟಿಕ್ ಲೆನ್ಸ್ ಇಡುತ್ತಾರೆ. ಆಪರೇಶನ್ನಿನ ಹೊಲಿಗೆಗೆ ಎಂಥ ದಾರ ಬಂದಿದೆ ಗೊತ್ತಾ? ತಾನಾಗಿಯೇ ಒಳಗೆ ಕರಗಿ ಹೋಗುತ್ತದೆ. ನೀನು ದೊಡ್ಡವಳಾಗುವಾಗ ಇನ್ನೂ ಏನೇನು ಬರುತ್ತೋ! ಆದರೆ ಇದನ್ನು ಬೆಂಕಿಯ ಹತ್ತಿರ ಇಡಬೇಡ ಹಾಂ. ಬಿಸಿ ತಾಗಿದರೆ ಸೊಟ್ಟಗಾಗುತ್ತದೆ."

ಅಪ್ಪ ಆಗ ಹೊರಗೆ ಚಹಾ ಕುಡಿಯುತ್ತಿದ್ದುದರಿಂದ ಇದನ್ನು ಕೇಳಿರಲಿಲ್ಲ. ವಾರಿಜಾ ಮನೆಗೆ ಬಂದು ಎಲ್ಲವನ್ನೂ ಹೇಳಬೇಕೆಂದಿದ್ದಳು. ಆದರೆ ಅಜ್ಜಿಯ ಮೇಲೆ ಮುನಿಸಿಕೊಂಡು, ಯಾರೊಂದಿಗೂ ಮಾತಾಡದೆ ಮಲಗಿಬಿಟ್ಟಳು.

ಬೆಳಗ್ಗೆ ಎದ್ದರೆ ಮಂಚದ ಕೆಳಗೆ ಕ್ಯಾಲಿಪರ್ ಇಲ್ಲ! ಗೋಡೆ ಹಿಡಿದುಕೊಂಡು ಹುಡುಕುತ್ತ ಬಚ್ಚಲಿಗೆ ಬಂದಳು. ಅಲ್ಲಿ ನೀರು ಕಾಯಿಸುವ ತಾಮ್ರದ ಬಂಬಿನೊಳಗೆ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಬಂಬಿನ ಮೇಲೆ ಅವಳ ಕ್ಯಾಲಿಪರ್. ಹಿಮ್ಮಡಿಯ ಕಡೆ ಮುರುಟಿಕೊಂಡಿತ್ತು.

"ಅಮ್ಮಾ! ನನ್ನ ಕ್ಯಾಲಿಪರ್ ಹಾಳಾಯ್ತು! ಅಜ್ಜಿ ಬೇಕಂತಲೇ ಮಾಡಿದ್ದು! ನಾನು ಒಳಗೆ ಬರಬಾರದು ಅಂತ!"

ಅಜ್ಜಿ ಒದ್ದೆ ಕೈಯಲ್ಲೇ ಓಡಿ ಬಂದರು. ಕ್ಯಾಲಿಪರನ್ನು ಬಂಬಿನ ಮೇಲಿಂದ ಸರಕ್ಕನೆ ಎತ್ತಿಕೊಂಡರು.

"ಅಯ್ಯೋ ದೇವರೇ... ಇಲ್ಲ ಮಗಾ. ಬೆಳಗ್ಗೆ ಮಿಂದು ಬಂದು ತೊಳೆದಿಟ್ಟೆ. ಈ ಮಳೆಗಾಲದಲ್ಲಿ ಅದರ ಪಟ್ಟಿ ಎಲ್ಲಿ ಒಣಗ್ತದೆ? ಒಣಗದೆ ಮಡಿ ಆಗುದಿಲ್ಲ. ನನ್ನ ಸೀರೆಯನ್ನೂ ಇಲ್ಲೇ ಒಣಗಿಸುದಲ್ವಾ..."

"ನನ್ನ ಕ್ಯಾಲಿಪರ್ ಯಾಕೆ ಮಡಿ ಮಾಡ್ಬೇಕಿತ್ತು?"

"ಮತ್ತೆ? ನಿಂಗೆ ಉಂಡೆ ಕಟ್ಟುದು ಬೇಡವಾ?"

ವಾರಿಜಾಳ ಸಿಟ್ಟೆಲ್ಲ ಎಲ್ಲೋ ಹೋಗಿ ಅಳು ಮಾತ್ರ ಉಳಿಯಿತು.

"ಬಿಸಿ ತಾಗಿಸಬಾರದು ಅಂತ ಕಾಕಾ ಹೇಳಿದ್ರು. ನಾನೇ ನಿಮಗೆ ಹೇಳ್ಲಿಲ್ಲ," ಎಂದಳು ಸಣ್ಣ ದನಿಯಲ್ಲಿ.

ಅಪ್ಪ ಕಮಲಾಕ್ಷ ಆಫೀಸಿಗೆ ರಜೆ ಹಾಕಿದರು. "ನಾನೂ ಬರ್ತೇನೆ," ಎಂದು ಅಜ್ಜಿ ಹೊರಟು ನಿಂತಾಗ ಎಲ್ಲರಿಗೂ ಆಶ್ಚರ್ಯ. ಲೋಕಲ್ ಟ್ರೇನೆಂದರೆ ಮೈಲಿಗೆಯ ಡಬ್ಬಿ ಎನ್ನುತ್ತಿದ್ದವರು ಅವರು! ಅದೇ ಅಜ್ಜಿ ಆ ನೂಕುನುಗ್ಗಲಲ್ಲಿ ಕ್ಯಾಲಿಪರನ್ನು ಸೆರಗಿನಲ್ಲಿ ಸುತ್ತಿಕೊಂಡು, ಠಾಣೆ ಬರುವ ತನಕ ಎದೆಗೆ ಅವಚಿಕೊಂಡೇ ನಿಂತಿದ್ದರು.

ರಮಾಕಾಂತ ಕಾಕಾ ಬೈಯಲಿಲ್ಲ. ವಾರಿಜಾಳ ಪ್ಲಾಸ್ಟರಿನ ಕಾಲನ್ನು ಕಪಾಟಿನಿಂದ ತೆಗೆದು, ಕ್ಯಾಲಿಪರನ್ನು ಅದರ ಮೇಲೆ ಕೂರಿಸಿದರು. ಬಿಸಿ ಗಾಳಿ ಊದುವ ಮಶೀನ್ ಹಿಡಿದು, ಮುರುಟಿದ ಕಡೆ ಮೆಲ್ಲಗೆ ಒತ್ತಿದರು. ಬಿಸಿಗೆ ಕೆಟ್ಟದ್ದು ಬಿಸಿಗೇ ನೆಟ್ಟಗಾಯಿತು. ಅಜ್ಜಿ ಅಲ್ಲಿಯವರೆಗೆ ಉಸಿರೇ ಬಿಟ್ಟಿರಲಿಲ್ಲವೇನೋ!

"ಪಾನೀ ಚಲೇಗಾ?" ನೀರು ತಾಗಬಹುದೇ ಎಂದು ಅಜ್ಜಿ ತಮ್ಮ ಹರುಕು ಹಿಂದಿಯಲ್ಲಿ ಕೇಳಿದರು.

"ಪಾನೀ ಚಲೇಗಾ, ಆಜಿ. ಆಗ್ ನಹೀ ಚಲೇಗೀ!" ನೀರು ಆಗಬಹುದು, ಬೆಂಕಿ ಮಾತ್ರ ಆಗದು ಎಂದು ಕಾಕಾ ನಕ್ಕರು.

ಅಷ್ಟಮಿಯ ದಿನ ಮನೆಯೆಲ್ಲ ಬೆಲ್ಲದ ಪಾಕದ ಪರಿಮಳ. ವಾರಿಜಾ ಹೊಸಿಲಿನ ಹತ್ತಿರ ಬಂದು ನಿಂತುಬಿಟ್ಟಳು. ಅವಳ ಕ್ಯಾಲಿಪರ್ ಲೋಕಲ್ ಟ್ರೇನಿನಲ್ಲಿ ಹೋಗಿ ಬಂದಿತ್ತು. ಆಸ್ಪತ್ರೆಯಲ್ಲಿ ಯಾರ್‍ಯಾರೋ ಮುಟ್ಟಿದ್ದರು. ಮಡಿ ಎಲ್ಲಿ ಉಳಿಯಿತು?

"ಅಜ್ಜೀ... ಇದನ್ನು ಮತ್ತೆ ಮಡಿ ಮಾಡ್ಬೇಕಾ?"

ಅಜ್ಜಿ ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಪಾಕ ಗಟ್ಟಿಯಾಗ್ತಾ ಉಂಟು, ಇವಳು ಅಲ್ಲಿ ನಿಂತು ಮಾತಾಡ್ತಾಳೆ! ಕಾಲು ತೊಳ್ಕೊಂಡು ಬೇಗ ಬಾ."

ವಾರಿಜಾ ಬಚ್ಚಲಿಗೆ ಹೋಗಿ ಚೊಂಬು ಎತ್ತಿಕೊಂಡಳು. ಬಲಗಾಲಿಗೆ ನೀರು ಹಾಕಿಕೊಂಡಳು. ಇನ್ನೊಂದು ಚೊಂಬು ತುಂಬಿಸುವಾಗ, ಅಜ್ಜಿ ಕ್ಯಾಲಿಪರನ್ನೂ ಸೇರಿಸಿ ಬರೀ 'ಕಾಲು' ಎಂದಿದ್ದರು ಎನ್ನುವುದು ಅವಳಿಗೆ ಹೊಳೆಯಿತು. ಆಮೇಲೆ ಆ ನೀರನ್ನು ನಿಧಾನವಾಗಿ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಹೊಯ್ದು, ಎರಡೂ ಕಾಲು ಒರೆಸಿಕೊಂಡು ಒಳಗೆ ನಡೆದಳು.