ಅವನು ಚಾಚಿದ ಏಳನೇ ದಾಂಡು

“ಹೊಡೆತ ಚೆನ್ನಾಗಿದೆ. ಸೊಂಟ ಮಾತ್ರ ಇನ್ನೂ ಮಲಗಿದೆ!”

ಬ್ರೈಡಿ ಗಕ್ಕನೆ ತಿರುಗಿದಳು. ವಾರೆಲ್ ಬೇ ಗಾಲ್ಫ್ ಮೈದಾನದಲ್ಲಿ ಹತ್ತು ವರ್ಷ ಆಡಿದವಳಿಗೆ ಹೀಗೆ ಹೇಳುವ ಧೈರ್ಯ ಯಾರಿಗೆ?

“ನನ್ನ ಸೊಂಟದ ಉಸಾಬರಿ ನಿಂಗ್ಯಾಕೆ?”

“ನಂದಂತೂ ಹೋಯ್ತು, ನಿಂದಾದ್ರೂ ಉಳೀಲಿ ಅಂತ!”

ಹಾಗೆಂದು ನಕ್ಕವನು ಕ್ಯಾಲಮ್. ಕುರಿಗಳ ಉಣ್ಣೆ ಕತ್ತರಿಸಿ ಬೆನ್ನು ಕೆಡಿಸಿಕೊಂಡು, ಅದನ್ನು ಸರಿಪಡಿಸಿಕೊಳ್ಳುತ್ತಲೇ ವ್ಯಾಯಾಮ ಕಲಿತು, ಈಗ ಹಳೆಯ ಉಣ್ಣೆ ಕೊಟ್ಟಿಗೆಯಲ್ಲಿ ಜಿಮ್ ನಡೆಸುತ್ತಿದ್ದ.

ಆ ಚಳಿಗಾಲವಿಡೀ ಅವಳು ಅಲ್ಲಿ ಬೆವರು ಸುರಿಸಿದಳು. ಭಾರ ಹೊತ್ತು ಕುಳಿತೇಳುವುದು, ಹಗ್ಗ ಎಳೆಯುವುದು... ಕೊನೆಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಸೊಂಟ ತಿರುಗಿಸುತ್ತ ನಾಲ್ಕು ಕಿಲೋ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು. ಅವನ ಬೆನ್ನಿನ ಬಿಸಿ ತಾಗಿದಾಗಲೆಲ್ಲ ಅವಳ ಎಣಿಕೆ ತಪ್ಪುತ್ತಿತ್ತು.

‘ಸದ್ಯ, ನನ್ನ ಮುಖ ಅವನಿಗೆ ಕಾಣುತ್ತಿಲ್ಲ!’

ವಸಂತದ ಹೊತ್ತಿಗೆ ಅವಳ ಚೆಂಡು ಇಪ್ಪತ್ತು ಮೀಟರ್ ಹೆಚ್ಚು ಹಾರತೊಡಗಿತು. ಮೈ ಬದಲಾಗಿತ್ತು. ಮನಸ್ಸು ಇನ್ನೂ ಹಳೆಯ ಲೆಕ್ಕದಲ್ಲೇ ಇತ್ತು, ಅಷ್ಟೇ.

ಕ್ಲಬ್ಬಿನ ಮಹಿಳಾ ಚಾಂಪಿಯನ್‌ಷಿಪ್. ಕೊನೆಯ ಗುಳಿ. ಬ್ರೈಡಿ ಒಂದೇ ಹೊಡೆತ ಮುಂದಿದ್ದಳು. ಅವಳ ಬ್ಯಾಗು ಹೊತ್ತಿದ್ದ ಕ್ಯಾಲಮ್ ಏಳನೇ ನಂಬರಿನ ದಾಂಡು ಚಾಚಿದ.

“ನೂರ ಮೂವತ್ತು ಮೀಟರ್ ಇದೆ ಕಣೋ. ನಂಗೆ ಯಾವಾಗ್ಲೂ ಐದೇ ಬೇಕು.”

“ಅದು ಹಳೇ ಬ್ರೈಡಿಗೆ. ಈಗಿನೋಳಿಗೆ ಏಳು ಸಾಕು. ನಂಬು.”

ನಂಬಲಿಲ್ಲ! ಚೆಂಡನ್ನು ಇನ್ನೂ ದೂರ ಕಳಿಸುವ ಐದನೇ ದಾಂಡನ್ನು ತಾನೇ ಎಳೆದುಕೊಂಡಳು. ಚೆಂಡು ಗುಳಿ, ಬಾವುಟ, ಕುಳಿತ ಜನ ಎಲ್ಲವನ್ನೂ ದಾಟಿ ಸಮುದ್ರಕ್ಕೆ ಬಿತ್ತು. ಪ್ರಶಸ್ತಿಯೂ ಹೋಯಿತು.

ಜನರ ಹತ್ತಿರ ಬರುವಷ್ಟರಲ್ಲಿ ನಾಚಿಕೆ ಅವಳ ಬುದ್ಧಿ ಕೆಡಿಸಿತ್ತು.

“ತಪ್ಪು ದಾಂಡು ಕೊಟ್ಯಲ್ಲೋ! ಕುರಿ ಬೋಳ್ಸೋನಿಗೆ ಗಾಲ್ಫ್ ಏನು ಗೊತ್ತು?”

ಕ್ಯಾಲಮ್ ತುಟಿ ಬಿಚ್ಚಲಿಲ್ಲ. ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ.

ಊರವರು ಅವಳ ಮಾತನ್ನೇ ನಂಬಿದರು. ಒಬ್ಬೊಬ್ಬರಾಗಿ ಜಿಮ್ ಬಿಟ್ಟರು. ಅವನ ಮೌನವನ್ನು ತಿರಸ್ಕಾರವೆಂದು ತಿಳಿದ ಬ್ರೈಡಿ ಎರಡು ವರ್ಷ ಆ ಕಡೆ ಸುಳಿಯಲಿಲ್ಲ. ಕ್ಷಮೆ ಕೇಳಲು ಎಷ್ಟು ಸಲ ಫೋನ್ ಎತ್ತಿದಳೋ... ಒಮ್ಮೆಯೂ ಧೈರ್ಯ ಬರಲಿಲ್ಲ.

ಕೊನೆಗೆ, ಈ ಶನಿವಾರ ಅವನು ಜಿಮ್ ಮುಚ್ಚಿ ಊರು ಬಿಡುತ್ತಾನೆಂಬ ಸುದ್ದಿ ಬಂತು.

ಬುಧವಾರ ಹೆಂಗಸರು ಆಟ ಮುಗಿಸಿ ಚಹಾಕ್ಕೆ ಕುಳಿತಿದ್ದರು. ಬ್ರೈಡಿ ಎದ್ದು ನಿಂತಳು.

“ಅವತ್ತು ಕ್ಯಾಲಮ್ ಏಳು ಕೊಟ್ಟಿದ್ದ. ಐದು ಎಳ್ಕೊಂಡಿದ್ದು ನಾನು. ನಾನು... ಸುಳ್ಳು ಹೇಳ್ದೆ.”

“ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತೇನೇ?” ಹಿರಿಯಾಕೆ ನೊರೀನ್ ಕೇಳಿದಳು.

ಬ್ರೈಡಿ ಚಹಾದ ಬಟ್ಟಲು ಕೆಳಗಿಟ್ಟಳು. ನೇರ ಕೊಟ್ಟಿಗೆಗೆ ಓಡಿದಳು. ಕ್ಯಾಲಮ್ ಕಬ್ಬಿಣದ ಭಾರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

“ಹೇಳ್ಬಿಟ್ಟೆ ಕ್ಯಾಲಮ್... ಎಲ್ಲರ ಮುಂದೆ, ನಿಜ ಹೇಳ್ಬಿಟ್ಟೆ.”

ಅವನು ಕೈಯಲ್ಲಿದ್ದ ಭಾರವನ್ನು ಕೆಳಗಿಟ್ಟ. ಆಮೇಲೆ ಪೆಟ್ಟಿಗೆಯಿಂದ ಆ ಹಳೆಯ ನಾಲ್ಕು ಕಿಲೋ ಚೆಂಡನ್ನು ತೆಗೆದ.

“ತಿರುಗು.”

ಬೆನ್ನಿಗೆ ಬೆನ್ನು ತಾಗಿತು. ಚೆಂಡು ಅವನ ಕೈಯಿಂದ ಅವಳ ಕೈಗೆ ಬಂತು.

“ಅವತ್ತು ಯಾಕೆ ಸುಮ್ನಿದ್ದೆ? ನಾನು ಅಷ್ಟು ಅಸಹ್ಯ ಆಗ್ಬಿಟ್ನಾ?”

“ಬ್ಯಾಗ್ ಹೊತ್ತೋನು ಆಡೋರನ್ನ ಬಿಟ್ಟುಕೊಡಲ್ಲ. ಅದೂ ಪ್ರೀತಿಸಿದೋಳನ್ನ...”

ಚೆಂಡು ಅವಳ ಕೈಯಲ್ಲೇ ನಿಂತಿತು. ಕಣ್ಣೀರು ಅದರ ಮೇಲೆ ಬಿತ್ತು.

“ಎರಡು ವರ್ಷ ಹಾಳು ಮಾಡ್ದೆ ನಾನು. ನನ್ನ ಪ್ರೀತೀನೂ ಒಳಗೇ ಇಟ್ಕೊಂಡೆ.”

“ಹೂಂ, ಹಾಳಾಯ್ತು. ನೋವೂ ಆಯ್ತು. ನಾನೂ ಬಂದು ಕೇಳ್ಬಹುದಿತ್ತು... ಬರ್ಲಿಲ್ಲ.”

ಹೋದ ವರ್ಷಗಳು ಹೋದವು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಯಾರೂ ಬೆನ್ನು ಸರಿಸಲಿಲ್ಲ.

“ನೂರ ಮೂವತ್ತು ಮೀಟರ್,” ಅವನೆಂದ. “ಯಾವ ದಾಂಡು?”

“ನೀನು ಯಾವ್ದು ಕೊಟ್ರೆ ಅದು.”