ಸಂಬಂಧವಿಲ್ಲದವನು

ಮೂರನೆಯ ಸಲ ಚಪ್ಪಲಿ ವಾಪಸ್ ತಂದಾಗ ಅಂಗಡಿಯವನ ತಾಳ್ಮೆ ಕೆಟ್ಟಿತು.

"ಮೇಡಂ, ತಪ್ಪು ತಿಳ್ಕೋಬೇಡಿ. ಇಡೀ ಯಲಹಂಕಕ್ಕೆ ಆಗೋ ಚಪ್ಪಲಿ ನಿಮ್ಮೊಬ್ರಿಗೆ ಆಗಲ್ವಾ? ಪಾದ ಏನ್ ಬೆಣ್ಣೇದಾ?"

ಪಕ್ಕದಲ್ಲಿದ್ದ ಹೆಂಗಸರಿಬ್ಬರು ಕಿಸಕ್ಕನೆ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಾಕ್ಸ್ ಬಿಚ್ಚಿ ಪಾದವನ್ನು ಅವನ ಮುಂದಿದ್ದ ಸ್ಟೂಲಿನ ಮೇಲೆ ಇಟ್ಟೆ.

"ಬೆಣ್ಣೇದೋ ಅಲ್ವೋ, ನೀವೇ ನೋಡಿ ಹೇಳಿ."

ಪಟ್ಟಿ ಉಜ್ಜಿದಲ್ಲೆಲ್ಲ ನೀರುಗುಳ್ಳೆ. ಹಳೆಯವು ಒಡೆದು ಒಣಗಿದ ಕಡೆ ಬಿಳಿ ಕಲೆ. ಹೆಬ್ಬೆರಳಿಗೆ ಉಗುರೇ ಇಲ್ಲ. ಹೆಂಗಸರು ಸರಿದು ಕೂತರು. ಅವನು ಸರಿಯಲಿಲ್ಲ.

"ಅಂಟುರೋಗ ಅಲ್ಲ," ಎಂದೆ. "ಹುಟ್ಟಿದಾಗಿಂದ ಇದೆ."

"ಅಂಗಂತ ನಾನ್ ಕೇಳ್ಲಿಲ್ವಲ್ಲ." ಕಿವಿಯವರೆಗೂ ಕೆಂಪಾಗಿದ್ದ. ನೆಲದ ಮೇಲೆ ಕೂತು, ಎಲ್ಲೂ ತಾಗದ ಹಾಗೆ ಉಸಿರು ಬಿಗಿಹಿಡಿದು, ಕಾಗದದ ಮೇಲೆ ನನ್ನ ಪಾದದ ಅಳತೆ ಬರೆದುಕೊಂಡ. "ಒಂದ್ ವಾರ ಟೈಮ್ ಕೊಡಿ. ಒಳಗಡೆ ಹೊಲಿಗೆ ಬರ್ದೇ ಇರೋ ಥರ ಮಾಡಿಸ್ತೀನಿ. ಬೆಣ್ಣೆ ಮಾತಿಗೆ ಸಾರಿ."

ಅವನ ಹೆಸರು ಮುನೀಂದ್ರ, ಊರು ಅಲ್ಲೇ ಕೋಗಿಲು. ನಾನು ಕೀರ್ತಿ. ಅಪ್ಪ ಬಾಗಲಕೋಟೆ ಕಡೆಯಿಂದ ಯಶವಂತಪುರದ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ನಾನು ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೆ. ಇದೆಲ್ಲ ೨೦೧೭ರ ಮಾತು.

ಒಂದು ವಾರ ಎಂದವನು ಎಂಟು ತಿಂಗಳು ನನ್ನ ಪಾದದ ಹಿಂದೆ ಬಿದ್ದ. ಒಂದು ಜೊತೆ ಸವೆಯುವ ಮೊದಲೇ ಇನ್ನೊಂದು ಬರುತ್ತಿತ್ತು. ಲೈಬ್ರರಿ ಮೇಜಿನ ಮೇಲೆ ಡಬ್ಬ ಇಟ್ಟು, ನಾನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುವವರೆಗೂ ಪುಸ್ತಕ ನೋಡುವವನ ಹಾಗೆ ನಟಿಸುತ್ತಿದ್ದ.

"ಪುಸ್ತಕ ತಲೆಕೆಳಗಾಗಿದೆ ರೀ."

"ಗೊತ್ತು. ನಡೀರಿ ನೀವು."

ಅವನ ಕಣ್ಣು ಮೊದಲು ನನ್ನ ಹಿಮ್ಮಡಿ ನೋಡುತ್ತಿತ್ತು, ಆಮೇಲೆ ಮುಖ. ನನ್ನ ಮುಖದಲ್ಲಿ ನೋವಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ನಗು. ಆ ನಗುವಿಗೋಸ್ಕರ ನೋವಿದ್ದರೂ ಇಲ್ಲ ಅಂದುಬಿಡೋಣ ಅನ್ನಿಸುತ್ತಿತ್ತು. ಅಷ್ಟು ಕೆಟ್ಟಿದ್ದೆ ನಾನು.

ಆದರೆ ಮನೆಯಲ್ಲಿ ಅವ್ವ ಬೇರೆಯೇ ನಿಶ್ಚಯ ಮಾಡಿದ್ದಳು. ತನ್ನ ತಮ್ಮ ಅಪ್ಪಾಸಾಹೇಬನಿಗೆ ನನ್ನನ್ನು ಕೊಡುವುದು. "ಹೊರಗಿನವರು ನಿನ್ನ ಮೈ ನೋಡಿ ನಾಳೆ ಆಡಿಕೊಂಡಾರು. ನಮ್ಮವ ಆದ್ರ ಹಂಗ ಅನ್ನೂದಿಲ್ಲ," ಎನ್ನುತ್ತಿದ್ದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನನಗಿದ್ದ ಭಯವೇ ಬೇರೆ. ನನ್ನ ಮಗುವಿಗೂ ಇದು ಬಂದರೆ?

ಅದನ್ನು ತಿಳಿಯಲೆಂದೇ ಹೆಬ್ಬಾಳದ ಆಸ್ಪತ್ರೆಗೆ ಹೋದೆ. ಚರ್ಮದ ಡಾಕ್ಟರು, ಈ ಗುಳ್ಳೆ ರೋಗದಲ್ಲಿ ಎರಡು ಥರ ಇದೆ, ಕಣ್ಣಲ್ಲಿ ನೋಡಿ ಯಾವುದೆಂದು ಹೇಳಲಾಗದು, ಜೀನ್ ಪರೀಕ್ಷೆಯೇ ಆಗಬೇಕು ಎಂದರು. ಅಪ್ಪ, ಅವ್ವ, ನಾನು, ಮೂವರೂ ರಕ್ತ ಕೊಟ್ಟೆವು. ನಾನು ಸೂಜಿ ಚುಚ್ಚಿಸಿಕೊಳ್ಳುವಾಗ ಹೊರಗೆ ಅವ್ವ ಫಾರ್ಮ್ ತುಂಬಿಸಿದಳು.

ಜೀನ್ ವಿಷಯ ತಿಳಿಸಿ ಹೇಳುವವರು ಕುಲ್ಸುಮ್ ಮೇಡಂ. ಫಾರ್ಮ್ ನೋಡಿ, "ಇದು ನಿನ್ನಲ್ಲೇ ಹೊಸದಾಗಿ ಶುರುವಾಗಿರೋ ಸಾಧ್ಯತೆ ಇದೆ ಕೀರ್ತಿ. ಅಂಥದ್ದಾದ್ರೆ ನಿನ್ನ ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ರಿಪೋರ್ಟ್ ಬರಲಿ, ನೋಡೋಣ," ಎಂದರು.

ಅರ್ಧಕ್ಕರ್ಧ. ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಮುನೀಂದ್ರನಿಗೆ ಹೇಳಲೇಬೇಕಾಯಿತು. ಲೈಬ್ರರಿಯ ಕೊನೆಯ ಕಪಾಟಿನ ಹಿಂದೆ ನಿಂತು ಹೇಳಿದೆ.

"ರಿಪೋರ್ಟ್ ಏನೇ ಬರ್ಲಿ ಕಣ್ರೀ," ಎಂದು ಶುರುಮಾಡಿದ.

ನನಗೆ ರೇಗಿತು. "ಏನೇ ಬರ್ಲಿ ಅನ್ನೋದು ಸುಲಭ. ಬಟ್ಟೆ ಹಾಕಿದ್ರೆ ಚರ್ಮ ಕಿತ್ತು ಬರೋ ಮಗು ಹೇಗೆ ಅಳುತ್ತೆ ಅಂತ ನೀವ್ ಕೇಳಿದ್ದೀರಾ? ನಮ್ಮವ್ವ ಕೇಳಿದ್ದಾಳೆ. ಅರ್ಧಕ್ಕರ್ಧ ಅಂತ ಬಂದ್ರೆ ನಾನು ಮದ್ವೇನೇ ಆಗಲ್ಲ. ನಿಮ್ಮನ್ನೂ ಇಲ್ಲ, ಯಾರನ್ನೂ ಇಲ್ಲ."

ಅವನು ಕಪಾಟಿನಿಂದ ಜಾರಿದ್ದ ಪುಸ್ತಕವೊಂದನ್ನು ಒಳಗೆ ತಳ್ಳಿದ. ಆಮೇಲೆ, "ಭಯ ಆಗ್ತೈತೆ ಕೀರ್ತಿ. ಸುಳ್ಳ್ಯಾಕೆ ಹೇಳ್ಲಿ. ಆದ್ರೂ ನೀವೇ ಬೇಕು," ಎಂದ.

ಧೈರ್ಯದ ಮಾತು ಆಡಿದ್ದರೆ ನಾನು ನಂಬುತ್ತಿರಲಿಲ್ಲ. ಭಯ ಎಂದನಲ್ಲ, ಅದಕ್ಕೇ ಅವತ್ತು ಮನೆಗೆ ಹೋಗಿ ದಿಂಬು ಒದ್ದೆಯಾಗುವಷ್ಟು ಅತ್ತೆ.

ಆರು ವಾರ ಆದ ಮೇಲೆ ಕುಲ್ಸುಮ್ ಮೇಡಂ ಫೋನ್ ಮಾಡಿದರು. "ಸ್ಯಾಂಪಲ್‌ದು ಏನೋ ಗೊಂದಲ ಇದೆ. ಅಮ್ಮನ್ನ ಕರ್ಕೊಂಡು ಬಾ."

ಅಪ್ಪನಿಗೆ ರಜೆ ಸಿಗಲಿಲ್ಲ. ಬೇಡವೆಂದರೂ ಕೇಳದೆ ಮುನೀಂದ್ರ ಅಂಗಡಿ ಬಾಗಿಲೆಳೆದು ಬಂದು, ಹೊರಗಿನ ಬೆಂಚಿನಲ್ಲಿ ಕೂತ. ಅವ್ವನ ಪಾಲಿಗೆ ಅವನು ಚಪ್ಪಲಿ ತಂದು ಕೊಡುವ ಒಳ್ಳೆ ಹುಡುಗ, ಅಷ್ಟೆ.

ಒಳಗೆ ಕುಲ್ಸುಮ್ ಮೇಡಂ ಹೇಳಿದರು: "ಫಾರ್ಮ್‌ನಲ್ಲಿ, ತಂದೆ ತಾಯಿ ರಕ್ತಸಂಬಂಧಿಗಳಲ್ಲ ಅಂತಿದೆ. ಲ್ಯಾಬ್‌ನವರು ನೋಡಿದ್ರೆ ಇಬ್ಬರೂ ತೀರಾ ಹತ್ತಿರದ ಸಂಬಂಧಿಕರು ಅಂತಿದ್ದಾರೆ. ರಕ್ತ ಅದಲುಬದಲಾಗಿದೆಯೋ ಏನೋ ಅಂತ ರಿಪೋರ್ಟ್ ತಡೆದಿದ್ದೀನಿ."

ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಸಂಬಂಧ ಇಲ್ಲಂತ ಬರಿಸೀಯೇನ?"

"ಮತ್ತ? ಸುಳ್ಳ ಬರಸ್ಬೇಕಿತ್ತೇನ?" ಅವ್ವನಿಗೆ ಸಿಟ್ಟೇ ಬಂತು. "ನಮ್ಮ ಬೆಡಗ ಬ್ಯಾರೆ, ನಿಮ್ಮಪ್ಪನ ಬೆಡಗ ಬ್ಯಾರೆ. ಒಂದ ರಕ್ತ ಆಗಿದ್ರ ಲಗ್ನಾ ಹ್ಯಾಂಗ ಮಾಡ್ತಿದ್ರು? ಅವರು ನಮ್ಮವ್ವನ ತಮ್ಮ ಅಷ್ಟ."

ಬೆಡಗು ಅಂದರೆ ಅಪ್ಪನ ಕಡೆಯಿಂದ ಬರುವ ವಂಶ. ಅವ್ವನ ಪ್ರಕಾರ ರಕ್ತವೂ ಅಪ್ಪನ ಕಡೆಯಿಂದ ಮಾತ್ರ ಬರುತ್ತದೆ. ಹಾಗಾಗಿ ತಾಯಿಯ ಒಡಹುಟ್ಟಿದವನು ಮಾವ, ಬೀಗ, ಏನು ಬೇಕಾದರೂ ಆಗಬಹುದು, ರಕ್ತಸಂಬಂಧಿ ಆಗಲಾರ.

ಕುಲ್ಸುಮ್ ಮೇಡಂ ಕನ್ನಡಕ ತೆಗೆದಿಟ್ಟರು. "ಅಮ್ಮಾ, ನಿಮ್ಮೆಜಮಾನ್ರು ನಿಮಗೆ ಸ್ವಂತ ಸೋದರಮಾವನಾ?"

"ಹೌದ್ರಿ, ಖಾಸ ಮಾವ."

ಅವರು ಉಸಿರು ಬಿಟ್ಟು ಡ್ರಾಯರಿನಿಂದ ರಿಪೋರ್ಟ್ ತೆಗೆದರು.

"ಹಾಗಾದ್ರೆ ರಿಪೋರ್ಟ್ ಸರಿಯಾಗೇ ಇದೆ. ಇದು ಹೊಸದಾಗಿ ಶುರುವಾಗಿದ್ದಲ್ಲ. ಒಂದೇ ಜೀನಿನ ಒಂದೇ ತಪ್ಪು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಸೇರಿದ್ದಕ್ಕೇ ಕೀರ್ತಿಗೆ ಬಂದಿದೆ. ಒಂದೇ ಇದ್ದರೆ ಕಾಯಿಲೆ ಬರಲ್ಲ. ಸಂಬಂಧ ಇಲ್ಲದವರನ್ನ ಮದ್ವೆ ಆದರೆ ಮಕ್ಕಳಿಗೆ ಬರೋ ಭಯ ತುಂಬಾ ಕಡಿಮೆ. ಹುಡುಗನದೂ ಒಂದ್ಸಲ ಟೆಸ್ಟ್ ಮಾಡಿಸಿದ್ರೆ ಇನ್ನೂ ಸಮಾಧಾನ."

"ನನ್ನ ತಮ್ಮಗ ಕೊಟ್ರ?" ಅವ್ವ ಕೇಳಿದಳು.

"ನಿಮ್ಮಲ್ಲಿರೋದು ನಿಮ್ಮ ತಮ್ಮನಲ್ಲೂ ಇರಬಹುದು. ಇದ್ದರೆ ಆಗ ಅರ್ಧಕ್ಕರ್ಧ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಪ್ಪತ್ತಾರು ವರ್ಷ ಯಾರ ಕಣ್ಣ ಬಿತ್ತೋ ಅಂದ್ಕೋತಿದ್ನಿ. ನಾವಿಬ್ರ ಕೊಟ್ಟೇವಲ್ಲ ನಿನಗ."

"ಗೊತ್ತಿದ್ದ ಕೊಟ್ಟೀರೇನವ್ವಾ?" ಎಂದು ಅವಳನ್ನು ಅಪ್ಪಿಕೊಂಡೆ. ನನಗೆ ಸಂತೋಷಕ್ಕೆ ಅಳು, ಅವಳಿಗೆ ಸಂಕಟಕ್ಕೆ. ಇಬ್ಬರೂ ಒಂದೇ ಸೆರಗಿನಲ್ಲಿ ಒರೆಸಿಕೊಂಡೆವು.

ಆಮೇಲೆ ಅವ್ವ ಎದ್ದು ಬಾಗಿಲು ತೆಗೆದಳು. ಬೆಂಚಿನ ಮೇಲಿದ್ದ ಮುನೀಂದ್ರ ದಡಬಡಿಸಿ ಎದ್ದು ನಿಂತ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವನನ್ನು. ತಾಯಿಯಲ್ಲವೇ, ಅಷ್ಟು ಸಾಕಾಯಿತು.

"ಏನಪಾ, ಬಾಗಲಕೋಟಿ ಕಡೆ ನಿಮಗ ಬೀಗರು ನೆಂಟರು ಯಾರರ ಅದಾರೇನ?"

"ಇಲ್ಲಮ್ಮ. ಇಲ್ಲೇ ಪಕ್ಕದ ಬಾಗಲೂರು ದಾಟಿದ್ರೆ ನಮ್ಗೆ ಯಾರೂ ಇಲ್ಲ."

"ಅಜ್ಜಿ ಕಡೆಯಿಂದ? ಮುತ್ತಜ್ಜಿ ಕಡೆಯಿಂದ?"

"ಅಮ್ಮಾ, ದೇವ್ರಾಣೆ ಯಾರೂ ಇಲ್ಲ." ಪಾಪ, ತಪ್ಪು ಮಾಡಿದವನ ಹಾಗೆ ಹೇಳಿದ.

ಹೆಣ್ಣು ಕೊಡುವ ಮನೆಯಲ್ಲಿ ನೆಂಟಸ್ತಿಕೆಯ ಎಳೆ ಹುಡುಕಿ ಹುಡುಕಿ ಖುಷಿಪಡುವ ನನ್ನವ್ವ, ಯಾರೂ ಇಲ್ಲ ಎಂಬ ಮಾತಿಗೆ ಕೈಮುಗಿದಳು. "ಚಲೋ ಆತು. ಒಳಗ ಹೋಗಿ ರಕ್ತಾ ಕೊಟ್ಟ ಬಾ," ಎಂದಳು.

ಅವನು ಯಾಕೆಂದು ಕೇಳಲಿಲ್ಲ. ಅಂಗಿಯ ತೋಳು ಮಡಚುತ್ತಾ ನನ್ನ ಪಕ್ಕ ಬಂದ. ನಡೆಯುತ್ತಲೇ ಎಲ್ಲ ಹೇಳಿದೆ. ಹೇಳಿದ ಮೇಲೆ ಹಳೆಯ ಭಯವೇ ಮತ್ತೆ ಎದ್ದಿತು.

"ನಿಮ್ಮಲ್ಲೂ ಆ ತಪ್ಪು ಇದ್ರೆ?"

"ಇದ್ರೆ ಮಕ್ಕಳ ವಿಷ್ಯ ಇಬ್ರೂ ಕೂತು ಯೋಚ್ನೆ ಮಾಡೋಣ." ಅವನು ನಿಂತ. "ಮದ್ವೆ ಅಂತೂ ಗಟ್ಟಿ ತಾನೇ?"

"ಗಟ್ಟಿ," ಎಂದೆ.